ತೆಂಗಿನ ತೋಟದ ಟೆಂಪೋ: ಮೂರು ಚಕ್ರದ ಕಥೆ

1/8
ಫೋಟೋದಲ್ಲಿ ಇರೋದು ಏನು ಹೇಳಿ ನೋಡೋಣ. ಮುಂದಕ್ಕೆ ಚಾಚಿದ ಮೂತಿ, ಮೂತಿ ಕೆಳಗೆ ಒಂದೇ ಚಕ್ರ, ಹಿಂದೆ ಎರಡು ಚಕ್ರದ ಮೇಲೆ ಹಲಗೆ ಬಾಡಿ. "ಆಟೋ" ಅಂದ್ರೆ ತಪ್ಪು. "ಟ್ರ್ಯಾಕ್ಟರ್ ಏನೋ" ಅಂದವರೂ ಇದ್ದಾರೆ. ಐವತ್ತು ದಾಟಿದವರಿಗೆ ತೋರಿಸಿ, ಒಂದೇ ಮಾತಲ್ಲಿ ಹೇಳ್ತಾರೆ: ಟೆಂಪೋ.

ಹೌದು, ಟೆಂಪೋ ಅಂದ್ರೆ ಇದೇ. ಈಗ ನಾವು 407ಗೂ ಟೆಂಪೋ ಅಂತೀವಿ, ಮದುವೆಗೆ ಜನ ತುಂಬ್ಕೊಂಡು ಹೋಗೋ ವ್ಯಾನಿಗೂ ಟೆಂಪೋ ಅಂತೀವಿ. ಆ ಹೆಸರು ಮೊದಲು ಬಂದಿದ್ದು ಈ ಮೂರು ಚಕ್ರದ ಗಾಡಿಯಿಂದ. ಇದರ ಪೂರ್ತಿ ಹೆಸರು ಟೆಂಪೋ ಹಾನ್ಸೆಯಾಟ್. ಇದು 1974ರ ಮಾಡೆಲ್ಲು, ನೊಣವಿನಕೆರೆ ಹತ್ರ ನಮ್ಮ ಸೋದರಮಾವನ ತೋಟದ ಮನೆ ಪಕ್ಕದ ಕೊಟ್ಟಿಗೆಯಲ್ಲಿ ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ನಿಂತಿತ್ತು. ಮೇಲೆ ತೆಂಗಿನ ಗರಿ, ಒಳಗೆ ಕೋಳಿ. ಡ್ರೈವರ್ ಸೀಟಿನೊಳಗೆ ಇಲಿಗಳು ತೆಂಗಿನ ನಾರು ತಂದು ಎಂಥಾ ಗೂಡು ಕಟ್ಟಿದ್ವು ಅಂದ್ರೆ, ಕಿತ್ತು ಹಾಕೋಕೆ ಬೇಜಾರಾಯ್ತು.

ಎರಡು ವರ್ಷದ ಹಿಂದೆ ಗುಜರಿಯವರು ಬಂದು ಕೆ.ಜಿ. ಲೆಕ್ಕದಲ್ಲಿ ರೇಟು ಹೇಳಿ ಹೋದ್ರು. ಮಾವ ಕೊಡೋಕೆ ರೆಡಿ ಇದ್ದರು. ನಾನೇ ಅಡ್ಡ ಬಂದೆ. ಈ ಸರಣಿ ಅದರ ಕಥೆ. ಗಾಡಿಯದ್ದು ಮಾತ್ರ ಅಲ್ಲ, ಮೂರು ಚಕ್ರ ಅನ್ನೋ ಐಡಿಯಾದ್ದೂ ಹೌದು. ಕೂತ್ಕೊಂಡು ಓದಿ, ಸ್ವಲ್ಪ ಉದ್ದ ಇದೆ.

2/8
ಮೊದಲು ಒಂದು ಹಳೇ ಪ್ರಯಾಣ.

ಲೋಕದ ಮೊದಲ ಮೋಟಾರು ಕಾರು ಅಂತ ಶಾಲೆಯಲ್ಲಿ ಓದಿರ್ತೀರಲ್ಲ, ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದಿದ್ದು, ಅದಕ್ಕೆ ಇದ್ದಿದ್ದು ಮೂರೇ ಚಕ್ರ. ಎರಡು ಮುಂದಿನ ಚಕ್ರಗಳನ್ನ ಒಟ್ಟಿಗೆ ಸರಿಯಾಗಿ ತಿರುಗಿಸೋ ಸ್ಟೀರಿಂಗ್ ಅವರಿಗೆ ಆಗ ಒಲಿದಿರಲಿಲ್ಲ, ಒಂದೇ ಚಕ್ರ ಆದ್ರೆ ಸಲೀಸು. 1888ರ ಆಗಸ್ಟ್‌ನಲ್ಲಿ ಅವರ ಹೆಂಡತಿ ಬರ್ತಾ ಬೆಂಜ್, ಗಂಡನಿಗೆ ಹೇಳದೆ ಕೇಳದೆ, ಇಬ್ಬರು ಗಂಡುಮಕ್ಕಳನ್ನ ಕೂರಿಸ್ಕೊಂಡು ಮಾನ್‌ಹೈಮ್‌ನಿಂದ ಪ್ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟುಬಿಟ್ಟರು. ನೂರು ಕಿಲೋಮೀಟರ್ ಮೇಲೆ. ಪೆಟ್ರೋಲ್ ಬಂಕ್ ಅನ್ನೋದೇ ಇಲ್ಲ, ಇಂಧನಕ್ಕೆ ಔಷಧಿ ಅಂಗಡಿಗೆ ಹೋದ್ರು. ಬ್ರೇಕಿನ ಕಟ್ಟೆ ಸವೆದಾಗ ಚಮ್ಮಾರರ ಹತ್ರ ತೊಗಲು ಹೊಡೆಸಿದ್ರು. ಏರು ಬಂದಾಗ ಮಕ್ಕಳು ಇಳಿದು ತಳ್ಳಿದ್ರು.

ರಸ್ತೆ? ಕುದುರೆಗಾಡಿ ಓಡಾಡಿ ಗುಂಡಿ ಬಿದ್ದ ಮಣ್ಣಿನ ದಾರಿ. ಮೊದಲ ದೂರ ಪ್ರಯಾಣ ಮೂರು ಚಕ್ರದ್ದು, ಅದೂ ಮಣ್ಣಲ್ಲೇ. ಆಫ್ ರೋಡ್ ಅಂತ ಈಗ ಜೀಪಿನವರು ರೀಲ್ಸ್ ಹಾಕ್ತಾರಲ್ಲ, ಅದಕ್ಕೆ ಮೂಲಪುರುಷ ಹುಡುಕಿದ್ರೆ ಸಿಗೋದು ಈ ಹೆಣ್ಣುಮಗಳೇ.

ಆ ಕಾಲಕ್ಕೆ ನಮ್ಮ ಕಡೆ? ಬೆಂಗಳೂರಿಂದ ಹರಿಹರದ ಕಡೆಗೆ ಮೀಟರ್‌ಗೇಜ್ ರೈಲು ಹಾಕ್ತಿದ್ದ ದಶಕ ಅದು. ತಿಪಟೂರು ಸಂತೆ ಊರಾಗಿದ್ದದ್ದು ರೈಲಿನ ಊರಾಯ್ತು, ಕೊಬ್ಬರಿ ದೂರದ ಊರು ಕಂಡಿತು. ಆದ್ರೆ ರೈಲು ಸ್ಟೇಷನ್‌ವರೆಗೆ ಮಾತ್ರ. ತೋಟದಿಂದ ಸ್ಟೇಷನ್‌ಗೆ ಎತ್ತಿನ ಗಾಡಿ. ಕಬ್ಬಿಣದ ಪಟ್ಟಿ ಹೊಡೆದ ಆ ಚಕ್ರಗಳು ತುರುವೇಕೆರೆ, ಹಂದನಕೆರೆ, ಶೆಟ್ಟಿಕೆರೆ ಕಡೆ ಮಣ್ಣಿನ ದಾರಿಗಳಲ್ಲಿ ಕೊರೆದ ಜಾಡು ಇದೆಯಲ್ಲ, ಅದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

3/8
ಟೆಂಪೋ ಹುಟ್ಟಿದ್ದು ಜರ್ಮನಿಯ ಹಾಂಬುರ್ಗ್ ಕಡೆ. ವಿಡಾಲ್ ಅಂಡ್ ಸೋನ್, ಅಂದ್ರೆ ವಿಡಾಲ್ ಮತ್ತು ಮಗ, ಅನ್ನೋ ಕಂಪನಿ. 1928ರಲ್ಲಿ ಜರ್ಮನಿಯಲ್ಲಿ ಒಂದು ಕಾನೂನು ಬಂತು: ಇಂಜಿನ್ 200 ಸಿಸಿ ಒಳಗಿದ್ದು, ಚಕ್ರ ನಾಲ್ಕಕ್ಕಿಂತ ಕಡಿಮೆ ಇದ್ದರೆ ಲೈಸೆನ್ಸೂ ಬೇಡ, ವಾಹನ ತೆರಿಗೆಯೂ ಇಲ್ಲ. ಅಷ್ಟೇ ಸಾಕಾಯ್ತು. ತರಕಾರಿಯವರು, ಹಾಲಿನವರು, ಕಲ್ಲಿದ್ದಲು ಮಾರೋರು ಎಲ್ಲ ಮೂರು ಚಕ್ರಕ್ಕೆ ಮುಗಿಬಿದ್ದರು. ಎರಡನೇ ಮಹಾಯುದ್ಧ ಆದ್ಮೇಲೆ, 1949ರಲ್ಲಿ, ಇನ್ನೂ ಗಟ್ಟಿಯಾದ ಹಾನ್ಸೆಯಾಟ್ ಬಂತು. ಹಾನ್ಸೆ ಅಂದ್ರೆ ಹಾಂಬುರ್ಗ್‌ನಂಥ ಹಳೇ ವ್ಯಾಪಾರಿ ಪಟ್ಟಣಗಳ ಕೂಟ, ಆ ಪಟ್ಟಣದವನು ಹಾನ್ಸೆಯಾಟ್. ಸಂತೆ ಊರಿನ ಗಾಡಿ ಅಂತ ಹೆಸರಲ್ಲೇ ಬರ್ಕೊಂಡಿತ್ತು.

ಸುಮಾರು 400 ಸಿಸಿಯ ಎರಡು ಸಿಲಿಂಡರ್, ಟೂ ಸ್ಟ್ರೋಕ್, ನೀರಿನಿಂದ ತಣಿಯೋ ಇಂಜಿನ್. ಹೊರೆ ಮುಕ್ಕಾಲು ಟನ್. ವಿಶೇಷ ಏನು ಗೊತ್ತಾ? ಇಂಜಿನ್, ಗೇರ್‌ಬಾಕ್ಸ್, ಚೈನು ಎಲ್ಲ ಮೂತಿಯಲ್ಲೇ. ಗಾಡಿ ಎಳೆಯೋದು ಮುಂದಿನ ಒಂಟಿ ಚಕ್ರ. ಹಿಂದಿನ ಎರಡು ಸುಮ್ನೆ ಉರುಳ್ತವೆ, ಎತ್ತಿನ ಗಾಡಿ ಚಕ್ರದ ಹಾಗೆ. ಹಿಂದುಗಡೆ ಆಕ್ಸಲ್ ಗೀಕ್ಸಲ್ ತಲೆನೋವಿಲ್ಲ, ಹಲಗೆ ತಗ್ಗಲ್ಲಿ ಕೂರುತ್ತೆ, ಮೂಟೆ ಎತ್ತಿ ಹಾಕೋಕೆ ಸುಲಭ.

ಭಾರತಕ್ಕೆ ತಂದಿದ್ದು ಎನ್.ಕೆ. ಫಿರೋದಿಯಾ. 1958ರಲ್ಲಿ ಶುರುವಾದ ಅವರ ಕಂಪನಿ ಮುಂದೆ ಬಜಾಜ್ ಟೆಂಪೋ ಆಯ್ತು, 2005ರಿಂದ ಫೋರ್ಸ್ ಮೋಟಾರ್ಸ್. ಜರ್ಮನಿಯಲ್ಲಿ ಹಾನ್ಸೆಯಾಟ್ 1956ಕ್ಕೇ ನಿಂತಿತ್ತು. ಅಲ್ಲಿ ಮ್ಯೂಸಿಯಂ ಸೇರಿದ ಮೇಲೂ ಇಲ್ಲಿ ದಶಕಗಟ್ಟಲೆ ತಯಾರಾಯ್ತು, ದುಡೀತು. ನಾವು ಹಳೇದನ್ನ ಬೇಗ ಬಿಡೋ ಜನ ಅಲ್ಲ.

4/8
ಈಗ ಆ ಜಾಡಿಗೆ ಬರೋಣ. ಈ ಭಾಗ ನನಗೆ ಬಹಳ ಇಷ್ಟ.

ಎತ್ತಿನ ಗಾಡಿ ದಾರಿಯಲ್ಲಿ ಎರಡು ಜಾಡು, ಮಧ್ಯೆ ದಿಣ್ಣೆ. ದಿಣ್ಣೆ ಮೇಲೆ ಗರಿಕೆ, ಕಲ್ಲು, ಕೆಲವು ಕಡೆ ಮುಳ್ಳು. ಜೀಪಿಗೆ ಎರಡು ಚಕ್ರ ಎರಡು ಜಾಡಲ್ಲಿ ಕೂರುತ್ತೆ, ಆರಾಮ. ಮೂರು ಚಕ್ರಕ್ಕೆ? ಹಿಂದಿನವು ಜಾಡಲ್ಲಿ ಕೂತ್ರೆ ಮುಂದಿನದು ದಿಣ್ಣೆ ಹತ್ತಬೇಕು. ಮುಂದಿನದನ್ನ ಜಾಡಿಗೆ ಇಳಿಸಿದ್ರೆ ಹಿಂದಿನ ಒಂದು ಚಕ್ರ ದಿಣ್ಣೆ ಮೇಲೆ, ಇನ್ನೊಂದು ದಾರಿ ಪಕ್ಕದ ಬೇಲಿಗೆ, ಗಾಡಿ ವಾಲುತ್ತೆ. ಎರಡರಲ್ಲಿ ಒಂದು ಆರಿಸ್ಕೋಬೇಕು, ಪ್ರತಿ ನೂರು ಅಡಿಗೂ. ಮಾವ ಹೇಳ್ತಿದ್ದರು, "ಟೆಂಪೋ ಓಡ್ಸೋನು ದಾರಿ ನೋಡ್ತಾನೆ, ಲಾರಿ ಓಡ್ಸೋನು ಊರು ನೋಡ್ತಾನೆ ಕಣೋ."

ಮಳೆಗಾಲದಲ್ಲಿ ಇನ್ನೊಂದು ಪಜೀತಿ. ಹೊರೆ ಇರೋದು ಹಿಂದೆ, ಎಳೆಯೋದು ಮುಂದೆ. ಏರು ಬಂದ ತಕ್ಷಣ ಭಾರ ಹಿಂದಕ್ಕೆ ಸರಿಯುತ್ತೆ, ಮುಂದಿನ ಚಕ್ರ ಹಗುರಾಗಿ ಕೆಸರಲ್ಲಿ ಸುಮ್ನೆ ಸುತ್ತುತ್ತೆ. ಆಗ ಹಮಾಲರು ಇಬ್ಬರು ಹೋಗಿ ಮೂತಿ ಮೇಲೆ ಕೂತ್ಕೋತಿದ್ರು. ಅದಕ್ಕೂ ಬಗ್ಗದಿದ್ರೆ ಗಾಡಿ ತಿರುಗಿಸಿ ರಿವರ್ಸ್‌ನಲ್ಲಿ ಏರಿ ಹತ್ತಿಸೋದು! ರಿವರ್ಸ್‌ನಲ್ಲಿ ಮೂತಿ ಇಳಿಜಾರಿನ ಕಡೆ ಇರುತ್ತೆ, ಭಾರ ಎಲ್ಲ ಎಳೆಯೋ ಚಕ್ರದ ಮೇಲೆ ಬೀಳುತ್ತೆ, ಹಿಡಿತ ಸಿಗುತ್ತೆ. ಕೆರೆ ಏರಿ ಮೇಲೆ ಕೊಬ್ಬರಿ ಮೂಟೆ ಹೊತ್ತ ಗಾಡಿ ಬೆನ್ನು ಮುಂದೆ ಮಾಡಿ ಹತ್ತೋದನ್ನ ನೀವು ಕಲ್ಪಿಸ್ಕೊಳ್ಳಿ. ಯಾವ ಪುಸ್ತಕ ಓದಿ ಕಲ್ತಿದ್ದಲ್ಲ ಇದು.

ತೋಟದೊಳಗೆ ಮಾತ್ರ ಇದಕ್ಕೆ ಸಾಟಿ ಇರಲಿಲ್ಲ. ಮರದಿಂದ ಮರಕ್ಕೆ ಮೂವತ್ತು ಅಡಿ, ನಡುವೆ ಪಾತಿ, ನೀರಿನ ಕಾಲುವೆ, ಬದು. ಒಂಟಿ ಚಕ್ರ ಆದ್ದರಿಂದ ನಿಂತ ಜಾಗದಲ್ಲೇ ಅನ್ನೋ ಹಾಗೆ ತಿರುಗುತ್ತೆ. ಬಿದ್ದ ಕಾಯಿ ಆಯ್ಕೊಂಡು ಮರದ ಬುಡಕ್ಕೇ ಗಾಡಿ ಹೋಗೋದು, ಅಲ್ಲಿಂದ ಸೀದಾ ಅಟ್ಟದ ಕೆಳಕ್ಕೆ.

5/8
ಹೊರಗಿನವರಿಗೆ ಒಂದು ಮಾತು, ನಮ್ಮೂರಿನವರು ಇದನ್ನ ದಾಟಿಸಿ ಓದಿ.

ನಮ್ಮದು ಉಂಡೆ ಕೊಬ್ಬರಿ. ಕೇರಳದವರ ಹಾಗೆ ಒಡೆದು ಬಿಸಿಲಿಗೆ ಹಾಕಿ ಎಣ್ಣೆಗೆ ಕಳಿಸೋದಲ್ಲ. ಬಲಿತ ಕಾಯಿಯನ್ನ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಎಂಟು ಹತ್ತು ತಿಂಗಳು, ಕೆಲವರು ವರ್ಷ ಬಿಡ್ತಾರೆ. ಒಳಗಿನ ನೀರು ತಾನಾಗೇ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತೆ. ಅಲ್ಲಾಡಿಸಿದ್ರೆ ಲೊಟಲೊಟ ಅನ್ನುತ್ತೆ. ಆಮೇಲೆ ಸುಲಿಯೋದು, ಚಿಪ್ಪು ಒಡೆಯೋದು, ತಿಪಟೂರು ಮಾರುಕಟ್ಟೆಗೆ ಹಾಕೋದು. ಅಲ್ಲಿಂದ ಉತ್ತರ ಭಾರತಕ್ಕೆ.

ಒಂದು ಕ್ವಿಂಟಲ್ ಕೊಬ್ಬರಿ ಆಗೋಕೆ ಹೆಚ್ಚುಕಮ್ಮಿ ಏಳೆಂಟು ನೂರು ಕಾಯಿ ಬೇಕು. ಅಂದ್ರೆ ಸಿಪ್ಪೆ ಸಮೇತ ತೋಟದಿಂದ ಮನೆಗೆ ಬರೋ ಹೊರೆ ಎಷ್ಟೋ, ಮನೆಯಿಂದ ಮಾರುಕಟ್ಟೆಗೆ ಹೋಗೋದು ಅದರಲ್ಲಿ ಒಂದು ಚೂರು. ಕಷ್ಟದ ಸಾಗಾಣಿಕೆ ಎಲ್ಲ ಹೆದ್ದಾರಿಯಲ್ಲಿ ಅಲ್ಲ, ತೋಟದ ಒಳಗಿನ ಅರ್ಧ ಕಿಲೋಮೀಟರಲ್ಲಿ. ನಮ್ಮ ಸಾಗಾಣಿಕೆ ಚರಿತ್ರೆ ಬರೆಯೋರು ರೈಲು, ಹೆದ್ದಾರಿ ಅಂತ ಬರೀತಾರೆ. ಆ ಅರ್ಧ ಕಿಲೋಮೀಟರನ್ನ ಯಾರೂ ಬರೆಯಲ್ಲ.

6/8
ಮೂರು ಚಕ್ರಕ್ಕೆ ಇನ್ನೊಂದು ಮುಖ ಇದೆ. ಅದನ್ನ ಮುಚ್ಚಿಟ್ಟು ಬರೆದ್ರೆ ನಾನು ಸುಳ್ಳ.

ಮೂರು ಕಾಲಿನ ಸ್ಟೂಲು ಎಂಥಾ ಡೊಂಕು ನೆಲದಲ್ಲೂ ಅಲ್ಲಾಡಲ್ಲ. ಆದ್ರೆ ಅದರ ಅಂಚಿಗೆ ಕೂತು ನೋಡಿ, ದಬ್ಬಕ್ಕಂತ ಮಗುಚುತ್ತೆ. ಮೂರು ಚಕ್ರದ ಗಾಡಿಗೂ ಅದೇ ಕಥೆ. ಹಿಂದಿನ ಒಂದು ಚಕ್ರದಿಂದ ಮುಂದಿನ ಚಕ್ರಕ್ಕೆ ಗೆರೆ ಎಳೀರಿ. ಹೊರೆಯ ಭಾರ ಆ ಗೆರೆ ದಾಟಿದ್ರೆ ಮುಗೀತು.

ಇದೇ ಪಾಠ ಅಮೆರಿಕ ದುಬಾರಿಯಾಗಿ ಕಲೀತು. 1970ರಲ್ಲಿ ಹೋಂಡಾ ಅಲ್ಲಿ ಒಂದು ಆಟದ ಗಾಡಿ ಬಿಟ್ಟಿತು, ಯುಎಸ್ 90. ಮುಂದೆ ಅದಕ್ಕೆ ಎಟಿಸಿ 90 ಅಂತ ಹೆಸರಾಯ್ತು. ಚಳಿಗಾಲದಲ್ಲಿ ಬೈಕ್ ಮಾರಾಟ ಆಗ್ತಿರಲಿಲ್ಲ, ಹಿಮದಲ್ಲೂ ಓಡೋದು ಏನಾದ್ರೂ ಕೊಡಿ ಅಂತ ಡೀಲರ್‌ಗಳು ಕೇಳಿದ್ರು. ಒಸಾಮು ತಕೆಯುಚಿ ಅನ್ನೋ ಇಂಜಿನಿಯರ್ ಕೂತು ಮಾಡಿದ ವಿನ್ಯಾಸ. 89 ಸಿಸಿ, ಬಲೂನಿನಂಥ ಮೂರು ಟೈರು, ಸ್ಪ್ರಿಂಗೇ ಇಲ್ಲ, ಟೈರಿನ ಗಾಳಿಯೇ ಸ್ಪ್ರಿಂಗು. ಮರಳು, ಹಿಮ, ಕೆಸರು ಯಾವುದೂ ಲೆಕ್ಕಕ್ಕಿಲ್ಲ. 1971ರ ಜೇಮ್ಸ್ ಬಾಂಡ್ ಸಿನಿಮಾದಲ್ಲೂ ಬಂತು. ಮುಂದೆ ಯಮಹಾ, ಕವಾಸಾಕಿ ಎಲ್ಲ ಹಿಂದೆ ಬಿದ್ದವು, ಇಂಜಿನ್ ದೊಡ್ಡದಾಗ್ತಾ ಹೋಯ್ತು. ಹಿಂದಿನ ಎರಡು ಚಕ್ರಕ್ಕೆ ಒಂದೇ ಗಟ್ಟಿ ಆಕ್ಸಲ್, ಎರಡೂ ಒಂದೇ ವೇಗದಲ್ಲಿ ಸುತ್ತಬೇಕು. ತಿರುವಲ್ಲಿ ಮೈ ವಾಲಿಸಿ ಒಂದು ಚಕ್ರ ಹಗುರ ಮಾಡಿದ್ರೆ ಮಾತ್ರ ತಿರುಗೋದು. ಗೊತ್ತಿದ್ದೋರಿಗೆ ಅದು ನಾಟ್ಯ, ಗೊತ್ತಿಲ್ಲದ ಮಕ್ಕಳು ಮಗುಚಿ ಬಿದ್ದರು. ಸತ್ತವರಲ್ಲಿ ಬಹಳ ಜನ ಹುಡುಗರು. 1988ರಲ್ಲಿ ಸರ್ಕಾರದ ಜೊತೆ ಕೋರ್ಟಲ್ಲಿ ಒಪ್ಪಂದ ಆಗಿ ಕಂಪನಿಗಳು ಹೊಸ ಮೂರು ಚಕ್ರದ ಮಾರಾಟ ನಿಲ್ಲಿಸಿದ್ವು. ಈಗ ಅಲ್ಲಿ ಜನ ಅವನ್ನೇ ಹುಡುಕಿ, ಸರಿ ಮಾಡಿ, ಮುದ್ದು ಮಾಡಿ ಓಡಿಸ್ತಾರೆ.

ನಮ್ಮನೇದು. 1986, ಸುಗ್ಗಿ ಮುಗಿದ ಕಾಲ. ಕಾಯಿ ತುಂಬಿದ ಟೆಂಪೋ ಕೆರೆ ಏರಿಯಿಂದ ಇಳೀತಿತ್ತು. ಹೊರೆ ಮೇಲೆ ನಮ್ಮ ತೋಟದಲ್ಲಿ ಕಾಯಿ ಸುಲಿಯೋಕೆ ಬರ್ತಿದ್ದ ಅಣ್ಣ ಒಬ್ಬರು ಕೂತಿದ್ರು. ಎದುರಿಗೆ ಎಮ್ಮೆ ಬಂತು, ಮಾವ ಎಡಕ್ಕೆ ಎಳೆದು ಬ್ರೇಕ್ ಒತ್ತಿದ್ರು. ಅಷ್ಟೇ. ಅಣ್ಣನ ಬಲಗೈ ಹಲಗೆ ಕೆಳಗೆ. ಜೀವ ಉಳೀತು, ಆದ್ರೆ ಮತ್ತೆ ಆ ಕೈಲಿ ಕಾಯಿ ಸುಲಿಯೋಕೆ ಆಗಲಿಲ್ಲ. ಸುಲಿಯೋದು ಅಂದ್ರೆ ಗೊತ್ತಲ್ಲ, ನೆಟ್ಟ ಕಬ್ಬಿಣದ ಮೊನೆಗೆ ಎರಡೂ ಕೈಯಲ್ಲಿ ಕಾಯಿ ಕುಕ್ಕಿ ತಿರುವಬೇಕು. ಮಾವ ಟೆಂಪೋ ತಂದು ಕೊಟ್ಟಿಗೆಯಲ್ಲಿ ನಿಲ್ಲಿಸಿದ್ರು. ಮಾರಲೂ ಇಲ್ಲ, ಓಡಿಸಲೂ ಇಲ್ಲ.

ನಾನು ರಿಪೇರಿ ಅಂದಾಗ ಅವರು ಬೇಡ ಅಂದಿದ್ದು ದುಡ್ಡಿಗಲ್ಲ.

7/8
ರಿಪೇರಿ ಬಗ್ಗೆ ತುಂಬ ಜನ ಮೆಸೇಜ್ ಮಾಡಿದೀರಿ, ಚಿಕ್ಕದಾಗಿ ಹೇಳ್ತೀನಿ.

ಇಂಜಿನ್ ಹಿಡ್ಕೊಂಡಿತ್ತು. ಪಿಸ್ಟನ್ ಸಿಲಿಂಡರಿಗೆ ತುಕ್ಕಲ್ಲಿ ಅಂಟಿತ್ತು. ಪ್ಲಗ್ ಬಿಚ್ಚಿ ಡೀಸೆಲ್ಲು, ಎಣ್ಣೆ ಬೆರೆಸಿ ಒಳಗೆ ಬಿಟ್ಟು ಹನ್ನೆರಡು ದಿನ ಕಾದ್ವಿ. ಸುತ್ತಿಗೆ ಹಿಡಿಯೋಕೆ ಹೋಗಬೇಡಿ, ಕಾಯಿರಿ. ಬಿಟ್ಟಾದ ಮೇಲೆ ಸಿಲಿಂಡರ್ ಬೋರ್ ಮಾಡಿಸಿದ್ವಿ. ಹೊಸ ಪಿಸ್ಟನ್ ಅಂಗಡಿಯಲ್ಲಿ ಸಿಗೋ ಮಾತೇ ಇಲ್ಲ, ಅಳತೆಗೆ ಹತ್ತಿರ ಬರೋ ಬೇರೆ ಗಾಡಿಯದ್ದನ್ನ ತಂದು ಲೇತಲ್ಲಿ ಸರಿ ಮಾಡಿಸ್ಬೇಕಾಯ್ತು. ಟೂ ಸ್ಟ್ರೋಕಲ್ಲಿ ಕ್ರ್ಯಾಂಕಿನ ಎರಡು ತುದಿಯ ಆಯಿಲ್ ಸೀಲು ಗಾಳಿ ಬಿಟ್ರೆ ಇಂಜಿನ್ ಜನ್ಮದಲ್ಲಿ ಸರಿಯಾಗಿ ಓಡಲ್ಲ. ನಾವು ಕಾರ್ಬುರೇಟರ್ ಮೇಲೆ ಎರಡು ತಿಂಗಳು ಅನುಮಾನ ಪಟ್ವಿ, ತಪ್ಪು ಮಾಡಿದ್ದು ಐವತ್ತು ರೂಪಾಯಿ ಸೀಲು. ಸೈಲೆನ್ಸರ್ ಒಳಗೆ ಕಟ್ಟಿದ್ದ ಮಸಿ ಬೆಂಕಿ ಹಾಕಿ ಸುಟ್ವಿ, ಅದಕ್ಕೆ ತೆಂಗಿನ ಚಿಪ್ಪಿನ ಕೆಂಡಕ್ಕಿಂತ ಒಳ್ಳೇದು ಯಾವುದೂ ಇಲ್ಲ.

ಹಿಂದಿನ ಹಲಗೆ ಗೆದ್ದಲು ತಿಂದಿತ್ತು. ಒಂದು ದಿನ ಮಾವನೇ ಬಂದು, ಏನೂ ಮಾತಾಡದೆ, ಗಾಳಿಗೆ ಬಿದ್ದಿದ್ದ ಹಳೇ ತೆಂಗಿನ ಮರ ತೋರಿಸಿ, "ಬುಡದ ಕಡೆಯಿಂದ ಕೊಯ್ಸು, ಮೇಲ್ಗಡೇದು ಬೆಂಡು" ಅಂದ್ರು. ಹಳೇ ಮರದ ಹೊರಪದರ ಕಲ್ಲಿನ ಹಾಗಿರುತ್ತೆ. ಈಗ ಇರೋ ನೆಲ ಅದೇ. ಆವತ್ತಿಂದ ಮಾವ ದಿನಾ ಕೊಟ್ಟಿಗೆಗೆ ಬರೋಕೆ ಶುರು ಮಾಡಿದ್ರು.

ಬಣ್ಣ ಹೊಸದು ಹೊಡೆಸಲಿಲ್ಲ. ಇದಕ್ಕೆ ಬೈಯೋರು ಬೈಯಿರಿ. ಮಗುಚಿದಾಗ ಎಡ ಬಾಗಿಲು ತಗ್ಗಾಗಿದ್ದು ಹಾಗೇ ಇದೆ. ಅದನ್ನ ತಟ್ಟಿ ಸರಿ ಮಾಡೋಕೆ ನನಗೆ ಹಕ್ಕಿಲ್ಲ ಅನ್ನಿಸ್ತು.

8/8
ಇನ್ನು ರಸ್ತೆ. "ತಿಪಟೂರಿಗೆ ಓಡಿಸ್ಕೊಂಡು ಬನ್ನಿ" ಅಂತ ಕಾಮೆಂಟ್ ಹಾಕ್ತಿದೀರಲ್ಲ, ಆಗಲ್ಲ ಕಣ್ರೀ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು. ನಂಬರ್ ಪ್ಲೇಟಿಗೆ ವಿಎ ಅನ್ನೋ ಅಕ್ಷರ, ಹೊಸ ನೋಂದಣಿಗೆ 20,000 ರೂಪಾಯಿ. ಪ್ರದರ್ಶನ, ರ‍್ಯಾಲಿ ಅಂತ ರಸ್ತೆಗೆ ತರಬಹುದು. ಖುಷಿಯಿಂದ ಓದ್ತಾ ಹೋದೆ. ಎರಡು ಚಕ್ರದವು, ನಾಲ್ಕು ಚಕ್ರದವು, ಅದೂ ಬಾಡಿಗೆಗಲ್ಲದ ಸ್ವಂತ ಬಳಕೆಯವು. ಮೂರು ಚಕ್ರಕ್ಕೆ ಅದರಲ್ಲಿ ಜಾಗವೇ ಇಲ್ಲ. ಸಾಹುಕಾರರ ಕಾರು ವಿಂಟೇಜು, ಹುಡುಗರ ಹಳೇ ಬೈಕು ವಿಂಟೇಜು, ಕೊಬ್ಬರಿ ಹೊತ್ತ ಟೆಂಪೋ ಗುಜರಿ. ನಿಯಮ ಬರೆದವರಿಗೆ ದ್ವೇಷ ಏನಿಲ್ಲ, ಇಂಥ ಗಾಡಿಯನ್ನ ಯಾರಾದ್ರೂ ಉಳಿಸ್ಕೋತಾರೆ ಅಂತ ಅವರಿಗೆ ಹೊಳೆದಿರಲ್ಲ ಅಷ್ಟೇ. ಹೊಳೀಬೇಕಿತ್ತು. ಬಜಾಜ್‌ನ ಗೂಡ್ಸ್ ಆಟೋ ಬಂದಿದ್ದು 1971ರಲ್ಲಿ, ಅವೂ ಈಗ 50 ದಾಟ್ತಿವೆ. ಲ್ಯಾಂಬ್ರೆಟಾ ಮೂರು ಚಕ್ರದವು ಇನ್ನೂ ಹಳೇವು. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಇವೆಲ್ಲ ಮೂಲೆ ಸೇರಿದ್ವು, ಆ ಮೂಲೆಯಿಂದ ಸೀದಾ ತೂಕದ ಕಾಟಾಕ್ಕೆ.

ಹಾಗಾಗಿ ನಮ್ಮದು ತೋಟದೊಳಗೆ ಮಾತ್ರ. ಗೇಟಿನವರೆಗೆ ಹೋಗಿ ವಾಪಸ್.

ಕಳೆದ ತಿಂಗಳು ಮೊದಲ ಸಲ ಹೊರೆ ಹಾಕಿದ್ವಿ, ಇನ್ನೂರೇ ಕಾಯಿ. ಸ್ಟೀರಿಂಗ್ ಹಿಡಿದಿದ್ದು ಮಾವ, ಎಪ್ಪತ್ತೆಂಟು ವಯಸ್ಸು. ಆ ಅಣ್ಣನಿಗೂ ಹೇಳಿ ಕಳಿಸಿದ್ವಿ. ಬಂದ್ರು. "ಹತ್ತು ಬಾರೋ" ಅಂತ ಮಾವ ಕರೆದ್ರು. ಅವರು ಹತ್ತಲಿಲ್ಲ. ಹಿಂದಿನ ಚಕ್ರದ ಪಕ್ಕ, ಎಡಗೈಯಲ್ಲಿ ಒಂದು ಅಡ್ಡಗಲ್ಲು ಹಿಡ್ಕೊಂಡು ಮನೆವರೆಗೂ ನಡ್ಕೊಂಡೇ ಬಂದ್ರು. ಬದು ಹತ್ತೋವಾಗ ಮುಂದಿನ ಚಕ್ರ ಸುತ್ತಿತು, ಮಾವ ಗಾಡಿ ತಿರುಗಿಸಿ ರಿವರ್ಸ್ ಹಾಕಿದ್ರು, ಅಣ್ಣ ಹಿಂದೆ ನಿಂತು "ಬಲಕ್ಕೆ, ಬಲಕ್ಕೆ, ಸಾಕು" ಅಂತ ಹೇಳ್ತಾ ಹೋದ್ರು. ಕೊನೇ ಫೋಟೋ ಅದೇ. ಹೊಗೆಯಲ್ಲಿ ಮುಖ ಕಾಣ್ತಿಲ್ಲ, ಕ್ಷಮಿಸಿ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಹುಳಿಯಾರು ಕಡೆಯವರೇ, ನಿಮ್ಮ ಕೊಟ್ಟಿಗೆ, ಹಿತ್ತಲು, ಹುಲ್ಲಿನ ಬಣವೆ ಹಿಂದೆ ಇಂಥದ್ದು ನಿಂತಿದ್ರೆ ಗುಜರಿಗೆ ಹಾಕೋ ಮುಂಚೆ ಒಂದು ಫೋಟೋ ತೆಗೆದು ಕಳಿಸಿ. ಮೂತಿ ಮೇಲೆ ಯಾವ ದೇವರ ಹೆಸರು ಬರೆಸಿದ್ರು ಅನ್ನೋದೂ ಕಾಣಲಿ. ಹಾನ್ಸೆಯಾಟ್‌ನ ಮುಂದಿನ ಚಕ್ರದ ಚೈನು ಯಾರ ಹತ್ರನಾದ್ರೂ ಇದ್ರೆ ಮೊದಲು ಅವರು ಮೆಸೇಜ್ ಮಾಡಿ, ನಮ್ಮದು ಸಡಿಲ ಆಗ್ತಿದೆ.

#ತಿಪಟೂರು #ತುರುವೇಕೆರೆ #ಚಿಕ್ಕನಾಯಕನಹಳ್ಳಿ #ಟೆಂಪೋ #ಮೂರುಚಕ್ರ #ಉಂಡೆಕೊಬ್ಬರಿ